ದಂಡ ಕೊಡ್ತೀವಿ, ಫ್ಯಾನ್ ಆರಿಸಲ್ಲ: ಒಬ್ಬ ಸುಪರ್‌ವೈಸರ್ ಪ್ರಕರಣ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳೂ ಮಷೀನ್ ಶಾಪ್‌ಗಳೂ ಒಂದರ ಪಕ್ಕ ಒಂದು ಇವೆ. ಅಂಥ ಒಂದು ಮಷೀನ್ ಶಾಪ್‌ನ ಸುಪರ್‌ವೈಸರ್ ರಾತ್ರಿ ನಿದ್ದೆ ಬರುವುದಿಲ್ಲ ಎಂದು, ಆಪ್ತಸಲಹೆ ನೀಡುವ ನನ್ನ ಬಳಿ ಬಂದರು. ಅವರನ್ನು ಶಿವಾನಂದ ಎಂದು ಕರೆಯೋಣ. ಹೆಸರು ಮತ್ತು ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರ ಕಂಪನಿಗೆ ಹೊರದೇಶದ ಗಿರಾಕಿಯೊಬ್ಬರು ಐಎಸ್‌ಒ 14001 ಸರ್ಟಿಫಿಕೇಟ್ ಕೇಳಿದ್ದರು. ಕಾರ್ಖಾನೆಯಿಂದ ಪರಿಸರಕ್ಕೆ ಆಗುವ ಹಾನಿಯ ಲೆಕ್ಕ ಇಟ್ಟು, ಅದನ್ನು ಕಡಿಮೆ ಮಾಡುವ ವ್ಯವಸ್ಥೆ ಇದೆ ಎಂದು ತೋರಿಸುವ ಸರ್ಟಿಫಿಕೇಟ್ ಅದು. ಮಾಲೀಕರು ಆ ಹೊಣೆಯನ್ನು ಶಿವಾನಂದ ಅವರಿಗೆ ವಹಿಸಿದರು. ಇವರು ಖುಷಿಯಿಂದಲೇ ಒಪ್ಪಿಕೊಂಡರು. ಪೋಸ್ಟರ್ ಅಂಟಿಸಿದರು. ಬಣ್ಣದ ಕಸದ ಡಬ್ಬಿ ಇಡಿಸಿದರು. ಚಹಾಕ್ಕೆ ಪೇಪರ್ ಕಪ್ ಬೇಡ ಎಂದರು. ಊಟಕ್ಕೆ ಹೋಗುವಾಗ ಫ್ಯಾನ್, ಲೈಟ್ ಆರಿಸದಿದ್ದರೆ ಐವತ್ತು ರೂಪಾಯಿ ದಂಡ. ತಪ್ಪು ಮಾಡಿದವರ ಹೆಸರು ನೋಟಿಸ್ ಬೋರ್ಡಿನ ಮೇಲೆ.

"ಹೇಳಿ ಹೇಳಿ ಬಾಯಿ ಒಣಗೇತ್ರಿ ಮೇಡಂ. ಮೊನ್ನೆ ಒಬ್ಬಾಂವ ಐವತ್ತರ ನೋಟ ಮುಂದ ಹಿಡದು, ಸಾಹೇಬ್ರ, ಇವತ್ತಿಂದು ತಗೋರಿ, ಫ್ಯಾನ್ ಹಂಗ ಇರ್ಲಿ ಅಂದ. ಎಲ್ಲಾರೂ ನಕ್ಕರು."

ಆ ನಗು ಅವರ ಮನೆಯವರೆಗೂ ಬಂದಿತ್ತು. ಹೆಂಡತಿ ಸಂತೆಯಿಂದ ಕಾಯಿಪಲ್ಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದದ್ದಕ್ಕೆ ಕೂಗಾಡಿದ್ದರು. ಮಗಳು ಅಪ್ಪ ಬಂದರೆ ಒಳಗೆ ಎದ್ದು ಹೋಗುತ್ತಿದ್ದಳು. ಹೊಟ್ಟೆ ಉರಿ, ತಲೆನೋವು ಬೇರೆ. ಮೊದಲು ಡಾಕ್ಟರ್ ಹತ್ತಿರ ಬಿಪಿ ತೋರಿಸಿಕೊಂಡು ಬನ್ನಿ ಎಂದೆ. ಮೈಯ ತೊಂದರೆಯನ್ನು ಬರೀ ಮನಸ್ಸಿನದು ಎಂದು ತಳ್ಳಿಹಾಕಬಾರದು.

ಆಮೇಲೆ ಒಂದು ಪ್ರಶ್ನೆ ಕೇಳಿದೆ. ನೆಲದ ಮೇಲೆ ಬಿದ್ದ ಕಪ್ ಕಂಡಾಗ ನಿಮ್ಮ ಮನಸ್ಸಿನಲ್ಲಿ ಏನು ಬರುತ್ತದೆ?

"ಬೇಕಂತ ಒಗದಾರ ಅನಸ್ತದ್ರಿ. ನನಗ ತೋರಸಾಕ."

ಇಲ್ಲೇ ನಾವು ಬಹಳ ಹೊತ್ತು ಮಾತಾಡಿದೆವು. ಕಪ್ ಎಸೆದವನು ಆ ಹೊತ್ತಿನಲ್ಲಿ ಇವರನ್ನು ನೆನೆದಿರುವುದೇ ಅನುಮಾನ. ಹತ್ತು ನಿಮಿಷದ ಚಹಾ ಬಿಡುವು, ಕೈಗೆ ಎಣ್ಣೆ, ಮುಗಿಸಿ ಮಷೀನ್‌ಗೆ ಓಡಬೇಕು. ಆದರೆ ಶಿವಾನಂದ ಅವರಿಗೆ ಪ್ರತಿ ಕಪ್ಪೂ ತಮಗೆ ಮಾಡಿದ ಅವಮಾನ. ದಿನಕ್ಕೆ ಅಷ್ಟು ಅವಮಾನ ನುಂಗಿದವರಿಗೆ ನಿದ್ದೆ ಹೇಗೆ ಬರಬೇಕು? ನೆಲದ ಮೇಲೆ ಇರುವುದು ಕಪ್ ಅಷ್ಟೇ. ಅದರ ಹಿಂದಿನ ಉದ್ದೇಶವನ್ನು ನಾವು ಸೇರಿಸುತ್ತೇವೆ. ಕಪ್ ಕಂಡಾಗ ಮೊದಲು ಬಂದ ಆ ಯೋಚನೆಯನ್ನು ಬರೆದು, ಪಕ್ಕದಲ್ಲಿ ಬೇರೆ ಎರಡು ಕಾರಣ ಬರೆಯಿರಿ ಎಂದೆ. ಮಾಡಿದರು.

ಇನ್ನೊಂದು ವಿಷಯ ತಾನಾಗಿ ಹೊರಬಂತು. ಇದು ನಿಮಗೆ ಇಷ್ಟು ಮುಖ್ಯ ಯಾಕೆ ಎಂದು ಕೇಳಿದ್ದೆ. ಸರ್ಟಿಫಿಕೇಟಿನ ಮಾತು ಬರಲಿಲ್ಲ. 2019ರ ಆಗಸ್ಟ್‌ನ ಮಾತು ಬಂತು. ಮಲಪ್ರಭೆ ಉಕ್ಕಿದಾಗ ಅವರ ಹಳ್ಳಿಯ ಮನೆಯ ಮಣ್ಣಿನ ಗೋಡೆ ಕುಸಿದಿತ್ತು. ತಂದೆಯನ್ನು ಶಾಲೆಯಲ್ಲಿ ಮಲಗಿಸಿದ್ದರು. ಅಂದಿನಿಂದ ಮಳೆ, ನದಿ, ಗಾಳಿ ಎಲ್ಲದರ ಬಗ್ಗೆ ಓದುತ್ತಾ ಬಂದರು.

"ಇದನ್ನು ನಿಮ್ಮ ಹುಡುಗರಿಗೆ ಹೇಳಿದ್ದೀರಾ?"

"ಇಲ್ರಿ. ಅವರಿಗ್ಯಾಕ ನಮ್ಮ ಮನೀ ಕಥಿ?"

ಆ ಹುಡುಗರಲ್ಲಿ ಎಷ್ಟೋ ಜನ ಖಾನಾಪುರ, ಬೈಲಹೊಂಗಲ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಅವರ ಮನೆಗಳಲ್ಲೂ ಆ ವರ್ಷದ ಮಳೆಯ ನೆನಪು ಇದೆ. ಸಗಣಿ, ಕಸ, ಉಳಿದ ಮೇವು ತಿಪ್ಪೆಗೆ ಹೋಗಿ ಗೊಬ್ಬರವಾಗುವುದನ್ನು ನೋಡಿ ಬೆಳೆದವರು. ಇವರಿಗೆ ತಿಳಿವಳಿಕೆ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಾರ್ಖಾನೆ ಅವರಿಗೆ ತಮ್ಮದು ಅನ್ನಿಸಿಲ್ಲ, ತೊಂದರೆ ಇರುವುದು ಅಲ್ಲಿ. ನಿಮ್ಮ ಕಥೆ ಹೇಳಿ, ಆದರೆ ಆ ಪ್ರವಾಹಕ್ಕೂ ಈ ಫ್ಯಾನಿಗೂ ನೇರ ಗಂಟು ಹಾಕಬೇಡಿ ಎಂದೆ. ಹಾಗೆ ಹೇಳಿದರೆ ಅದು ನಿಜವಾಗುವುದಿಲ್ಲ, ಜನ ನಂಬುವುದೂ ಇಲ್ಲ. ನನಗೆ ಯಾಕೆ ಕಾಳಜಿ ಎಂದು ಹೇಳಿದರೆ ಸಾಕು.

ದಂಡದ ಬಗ್ಗೆ ನನ್ನ ಸಲಹೆ ನೇರವಾಗಿತ್ತು: ನಿಲ್ಲಿಸಿ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಗ್ನೀಜಿ ಮತ್ತು ರಸ್ಟಿಕಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪಾಲಕರಿಗೆ ದಂಡ ಹಾಕಿದರು. ತಡವಾಗಿ ಬರುವವರು ಜಾಸ್ತಿಯಾದರು! ಮೊದಲು ಟೀಚರ್ ಕಾಯುತ್ತಾರಲ್ಲ ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ಅದು ಕೊಟ್ಟು ಕೊಳ್ಳುವ ಸೇವೆಯಾಯಿತು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ. ಐವತ್ತರ ನೋಟು ಹಿಡಿದವನ ಲೆಕ್ಕವೂ ಅದೇ ಅಲ್ವಾ? ಅದಕ್ಕೇ ಶಿವಾನಂದ ಅವರಿಗೆ ಮೊದಲೇ ಹೇಳಿದೆ, ದಂಡ ತೆಗೆದ ಮರುದಿನವೇ ಬದಲಾವಣೆ ನಿರೀಕ್ಷಿಸಬೇಡಿ, ಕೆಲವು ವಾರ ಇನ್ನೂ ಹದಗೆಟ್ಟಂತೆ ಕಾಣಬಹುದು.

ಕಾನೂನಿನ ಮಾತೂ ಇದೆ. ಸಂಬಳದಲ್ಲಿ ಮನಸ್ಸಿಗೆ ಬಂದಂತೆ ದಂಡ ಮುರಿಯಲು ಬರುವುದಿಲ್ಲ. ಯಾವ ತಪ್ಪಿಗೆ ದಂಡ ಎಂಬುದಕ್ಕೆ ಮೊದಲೇ ಮಂಜೂರಾತಿ ಬೇಕು, ಕಾರ್ಮಿಕನ ಮಾತು ಕೇಳಬೇಕು, ಆ ಅವಧಿಯ ಸಂಬಳದ ಶೇ. 3 ಮೀರಬಾರದು. ಆ ಹಣ ಕಾರ್ಮಿಕರ ಹಿತಕ್ಕೇ ಬಳಕೆಯಾಗಬೇಕು. ಮಾಲೀಕರ ಮುಂದೆ ಇದನ್ನೂ ಇಡಿ ಎಂದೆ.

ನೋಟಿಸ್ ಬೋರ್ಡ್ ಇನ್ನೂ ಕೆಟ್ಟ ಕೆಲಸ ಮಾಡುತ್ತಿತ್ತು. ತಪ್ಪು ಮಾಡಿದವರ ಉದ್ದ ಪಟ್ಟಿ ನೋಡಿದ ಹೊಸಬನಿಗೆ ಅರ್ಥವಾಗುವುದು ಒಂದೇ: ಇಲ್ಲಿ ಎಲ್ಲರೂ ಹೀಗೇ. ಅಮೆರಿಕದ ಹೋಟೆಲೊಂದರಲ್ಲಿ ಗೋಲ್ಡ್‌ಸ್ಟೈನ್, ಚಾಲ್ಡೀನಿ ಮತ್ತು ಜೊತೆಯವರು ಟವೆಲ್ ವಿಷಯದಲ್ಲಿ ಇದನ್ನು ನೋಡಿದ್ದರು, 2008ರಲ್ಲಿ ಬರೆದರು. ಪರಿಸರ ಉಳಿಸಿ ಎಂಬ ಚೀಟಿಗಿಂತ, ಇದೇ ಕೋಣೆಯಲ್ಲಿ ಉಳಿದ ಹೆಚ್ಚಿನವರು ಟವೆಲನ್ನು ಮತ್ತೆ ಬಳಸಿದ್ದಾರೆ ಎಂಬ ಚೀಟಿ ಜಾಸ್ತಿ ಕೆಲಸ ಮಾಡಿತು. ಜನ ತಮ್ಮ ಪಕ್ಕದವರನ್ನು ನೋಡಿ ನಡೆಯುತ್ತಾರೆ. ಆದ್ದರಿಂದ ಬೋರ್ಡಿನ ಮೇಲೆ ಒಳ್ಳೆಯದೂ ಕಾಣಲಿ, ಆದರೆ ಸುಳ್ಳು ಬೇಡ.

"ಹಂಗಾದ್ರ ಏನ್ ಬರೀಲ್ರಿ? ಯಾರೂ ಮಾಡಂಗಿಲ್ಲಲ್ಲ."

ಒಬ್ಬರೂ ಇಲ್ಲವೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ ವಯಸ್ಸಾದ ಫಿಟ್ಟರ್ ನೆನಪಾದರು. ಎಲ್ಲರೂ ಕಾಕಾ ಎನ್ನುತ್ತಾರೆ. ಊಟದ ಹೊತ್ತಿಗೆ, ಪೈಪಿನಲ್ಲಿ ಒತ್ತಡದ ಗಾಳಿ ಕಳಿಸುವ ಕಂಪ್ರೆಸರ್ ಬಂದ್ ಮಾಡಿಯೇ ಹೋಗುವವರು. ಯಾರೂ ಹೇಳಿರಲಿಲ್ಲ, ಯಾರೂ ಮೆಚ್ಚಿರಲೂ ಇಲ್ಲ. ಅವರ ಹತ್ತಿರ ಹೋಗಿ, ಹೇಳಲು ಅಲ್ಲ, ಕೇಳಲು ಎಂದು ಕಳಿಸಿದೆ.

ಕಾಕಾ ಹೇಳಿದ್ದು ಮುಂದಿನ ಭೇಟಿಯಲ್ಲಿ ಗೊತ್ತಾಯಿತು. "ಮಷೀನ್ ನಿಂತಾಗ ಕೇಳಪಾ, ಹಾವಿನಂಗ ಬುಸ್ ಅಂತಾವ ಪೈಪ್." ಗಾಳಿಯ ಪೈಪು ಸೋರುತ್ತಿತ್ತು. ಶಿವಾನಂದ ಅವರಿಗೆ ಆ ಲೆಕ್ಕ ಗೊತ್ತಿತ್ತು. 7 ಬಾರ್ ಒತ್ತಡದ ಪೈಪಿನಲ್ಲಿ 3 ಮಿಲಿಮೀಟರ್ ತೂತು ಇದ್ದರೆ ಸುಮಾರು 3 ಕಿಲೋವ್ಯಾಟ್ ವಿದ್ಯುತ್ ಸುಮ್ಮನೆ ಪೋಲಾಗುತ್ತದೆ. ಹಳೆಯ ನಮೂನೆಯ ಫ್ಯಾನ್ 75 ವ್ಯಾಟ್. ಅಂದರೆ ಒಂದು ತೂತು ನಲವತ್ತು ಫ್ಯಾನಿಗೆ ಸಮ. ಅಷ್ಟು ದಿನ ಜಗಳವೆಲ್ಲ ಫ್ಯಾನಿನ ಮೇಲೆ. ಫ್ಯಾನ್ ಕಣ್ಣಿಗೆ ಕಾಣುತ್ತದೆ, ಅದನ್ನು ಬಿಟ್ಟವನೂ ಕಾಣುತ್ತಾನೆ. ಸೋರುವ ಪೈಪಿಗೆ ತಪ್ಪಿತಸ್ಥ ಇಲ್ಲ. ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ ಹುಡುಕುವ ಕೆಲಸಕ್ಕೆ ಕಾಕಾ ಜೊತೆ ಇಬ್ಬರು ಹುಡುಗರು ತಾವಾಗಿ ಬಂದರಂತೆ. ತಮಗೆ ಬರುವ ಕೆಲಸದ ಮೂಲಕ ಜನರನ್ನು ಕರೆದರೆ ಬರುತ್ತಾರೆ, ಇದು ನನ್ನ ಗಟ್ಟಿ ನಂಬಿಕೆ.

ಕಪ್ಪಿನ ವಿಷಯಕ್ಕೆ ಒಂದು ಪ್ರಶ್ನೆಯನ್ನು ಬದಲಿಸಲು ಹೇಳಿದೆ. "ಯಾಕ ಮಾಡಂಗಿಲ್ಲ?" ಎಂದರೆ ಎದುರಿನವರು ನೆಪ ಹುಡುಕುತ್ತಾರೆ. "ಏನು ಅಡ್ಡ ಬರ್ತೈತಿ?" ಎಂದು ಕೇಳಿ. ಕುಡಿತ ಬಿಡಿಸುವ ಕೆಲಸದಲ್ಲಿ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಬೆಳೆಸಿದ ಸಂದರ್ಶನ ಪದ್ಧತಿಯಲ್ಲೂ ಇದೇ ತಿಳಿವು ಇದೆ. ಎರಡು ಮನಸ್ಸಿನಲ್ಲಿರುವವನ ಎದುರು ನಾವು ಬದಲಾವಣೆಯ ಪರ ವಾದಿಸಿದಷ್ಟೂ ಅವನು ಬದಲಾಗದಿರುವುದರ ಪರ ವಾದಿಸುತ್ತಾನೆ. ಕೇಳಿದ ಮೇಲೆ ಉತ್ತರ ಸಿಕ್ಕಿತು. ಸ್ಟೀಲ್ ಲೋಟ ತೊಳೆಯಲು ನಳ ಇದ್ದದ್ದು ಗೇಟಿನ ಹತ್ತಿರ. ಹೋಗಿ ಬರುವುದರಲ್ಲಿ ಬಿಡುವು ಮುಗಿಯುತ್ತದೆ. ಪೇಪರ್ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಅದು ಮಣ್ಣಿನಲ್ಲಿ ಬರೀ ಕಾಗದದಂತೆ ಕರಗುವುದಿಲ್ಲ ಎಂದು ಎಷ್ಟು ಭಾಷಣ ಮಾಡಿದರೂ ನಳ ಹತ್ತಿರ ಬರುವುದಿಲ್ಲ. ಚಹಾದ ಜಾಗಕ್ಕೆ ನಳ, ಲೋಟ ಇಡುವ ಸ್ಟ್ಯಾಂಡ್ ಹಾಕಿಸಿ ಎಂದೆ. ಪೋಸ್ಟರ್‌ಗಳು ಇಂಗ್ಲಿಷಿನಲ್ಲಿದ್ದವು. ಕನ್ನಡ ಮತ್ತು ಮರಾಠಿಯಲ್ಲಿ, ಹುಡುಗರ ಕೈಬರಹದಲ್ಲೇ ಬರಲಿ ಎಂದು ಸೇರಿಸಿದೆ.

ಒಂದು ಕಡೆ ಮಾತ್ರ ಸಡಿಲ ಬಿಡಬೇಡಿ ಎಂದೆ. ಎಣ್ಣೆ ಒರೆಸಿದ ಕಾಟನ್ ವೇಸ್ಟ್ ಅಪಾಯಕಾರಿ ತ್ಯಾಜ್ಯ, 2016ರ ನಿಯಮಗಳ ಕೆಳಗೆ ಬರುತ್ತದೆ. ಅದನ್ನು ಬೇರೆ ಡಬ್ಬಿಯಲ್ಲೇ ಇಟ್ಟು ಪರವಾನಗಿ ಇದ್ದವರಿಗೇ ಕೊಡಬೇಕು. ಬೆಂಕಿಯ ಭಯವೂ ಇದೆ. ಇದು ಅಭ್ಯಾಸ ಬೆಳೆಸುವ ವಿಷಯವಲ್ಲ, ಸುರಕ್ಷತೆಯ ವಿಷಯ ಎಂದು ಎರಡನ್ನೂ ಬೇರೆ ಬೇರೆಯಾಗಿ ಹೇಳಿ.

ಮನೆಯ ಮಾತು ಚಿಕ್ಕದು. ಮನೆಯಲ್ಲಿ ನೀವು ಸುಪರ್‌ವೈಸರ್ ಅಲ್ಲ ಎಂದೆ. ಹೆಂಡತಿಗೂ ಮಗಳಿಗೂ ಅವರು ಕ್ಷಮೆ ಕೇಳಿದರು, ಸಂತೆಗೆ ಕೈಚೀಲ ಹಿಡಿದು ತಾವೇ ಹೋಗತೊಡಗಿದರು.

ಈಗ ಮಷೀನ್ ಶಾಪ್‌ನಲ್ಲಿ ಸ್ಟೀಲ್ ಲೋಟ ಬಂದಿದೆ. ಪ್ಯಾಕಿಂಗ್ ವಿಭಾಗದಲ್ಲಿ ಇನ್ನೂ ಪೇಪರ್ ಕಪ್ಪೇ, ಅಲ್ಲಿಗೆ ನಳ ಆಗಿಲ್ಲ. ಊಟದ ಹೊತ್ತಿಗೆ ಕಂಪ್ರೆಸರ್ ನಿಲ್ಲುತ್ತದೆ, ಫ್ಯಾನ್ ಕೆಲವು ತಿರುಗುತ್ತಲೇ ಇರುತ್ತವೆ. ಶಿವಾನಂದ ಅವರಿಗೆ ಹೆಚ್ಚಿನ ರಾತ್ರಿ ನಿದ್ದೆ ಬರುತ್ತಿದೆ. ಸರ್ಟಿಫಿಕೇಟಿನ ಆಡಿಟ್ ಹತ್ತಿರ ಬಂದಂತೆ ಮಾಲೀಕರು ದಂಡ ಮತ್ತೆ ಶುರು ಮಾಡೋಣ ಎಂದಿದ್ದಾರೆ. ಸೋರಿಕೆ ಮುಚ್ಚುವ ಮೊದಲಿನ ಮತ್ತು ಆಮೇಲಿನ ಹೆಸ್ಕಾಂ ಬಿಲ್ಲುಗಳನ್ನು ಮೇಜಿನ ಮೇಲಿಟ್ಟು, ಕಾಕಾ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುವುದು ಎಂದು ನಾವು ತೀರ್ಮಾನಿಸಿದ್ದೇವೆ.