ಎಲೆಚುಕ್ಕೆಗೆ ಚುಕ್ಕೆಯಿಲ್ಲದ ಪ್ರಶ್ನೆ

ನಮ್ಮ ಅಡಿಕೆ ಬೆಳೆಗಾರರ ಗುಂಪಿನಲ್ಲಿ ನೀವು ಹಾಕಿದ ಫೋಟೋ ನೋಡಿದೆ ತಮ್ಮ. ಸಂಸದರಿಗೆ ಶಾಲು, ಏಲಕ್ಕಿ ಹಾರ, ಕೈಯಲ್ಲಿ ಹದಿನಾಲ್ಕು ಬೇಡಿಕೆಯ ಮನವಿ, ಹಿಂದೆ ಸಾಲಾಗಿ ನೀವು ಮೂವತ್ತು ಜನ. ಕೆಳಗೆ "ಶೂನ್ಯ ವೇಳೆಯಲ್ಲಿ ಅಡಿಕೆಯ ಎಲೆಚುಕ್ಕೆ ರೋಗದ ವಿಷಯ ಎತ್ತುತ್ತೇನೆ ಅಂದಿದ್ದಾರೆ, ಇನ್ನು ಕೆಲಸ ಆದ ಹಾಗೇ" ಅಂತ ಬರೆದಿದ್ದೀರಿ. ಶೂನ್ಯ ವೇಳೆ ಅಂದ್ರೆ ಪ್ರಶ್ನೋತ್ತರ ಮುಗಿದ ಮೇಲೆ ಸಂಸದರು ತುರ್ತು ವಿಷಯ ಎತ್ತೋ ಹೊತ್ತು. ಗುಂಪಿನಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತಿದ್ದಾರೆ. ನಾನು ಒತ್ತಲಿಲ್ಲ. ಬೇಜಾರು ಮಾಡ್ಕೋಬೇಡಿ, ಇಂಥದ್ದೇ ಫೋಟೋದಲ್ಲಿ ಕೆಲವು ವರ್ಷದ ಹಿಂದೆ ನಾನೂ ಹಲ್ಲು ಕಿರಿದು ನಿಂತಿದ್ದೆ.

ನಮ್ಮದು ಹದಿನೇಳು ಬೇಡಿಕೆ, ಹನ್ನೊಂದು ಪುಟ. ಮೂರು ಜೀಪು ಮಾಡಿಕೊಂಡು ಪ್ರವಾಸಿ ಮಂದಿರಕ್ಕೆ ಹೋಗಿದ್ವಿ. ರೋಗ ಒಂದು, ವಿದೇಶಿ ಅಡಿಕೆ ಎರಡು, ಆನೆ ಮೂರು, ಆಮೇಲೆ ಬೆಳೆ ವಿಮೆ, ಒತ್ತುವರಿ, ಮೊಬೈಲ್ ಟವರ್ ಅಂತ ಬೆಳೆದು ಹದಿನೇಳನೇದು ನಮ್ಮೂರ ಹಳ್ಳದ ಕಾಲುಸಂಕ, ಅಂದ್ರೆ ನಡೆದು ದಾಟೋ ಸಣ್ಣ ಸೇತುವೆ. ಕಾಲುಸಂಕಕ್ಕೆ ಲೋಕಸಭೆ ಎಂತಕ್ಕೆ ಮಾರಾಯ್ರೆ? ಸಂಸದರ ನಿಧಿ ಅಂತ ವರ್ಷಕ್ಕೆ 5 ಕೋಟಿ ಇರ್ತದೆ, ಅದರಿಂದ ಶಿಫಾರಸು ಮಾಡಿ ಅಂತ ಬೇರೆಯೇ ಕಾಗದ ಕೊಟ್ಟಿದ್ದರೆ ಮುಗೀತಿತ್ತು. ಅಷ್ಟು ಬುದ್ಧಿ ನಮಗಿರಲಿಲ್ಲ, ಎಲ್ಲಾ ಒಂದೇ ಗೋಣಿಗೆ ತುಂಬಿ ಹೊಲಿದು ಕೊಟ್ವಿ.

ಸಂಸದರು ಪಾಪ ಮಾತು ಉಳಿಸಿಕೊಂಡರು, ಅದನ್ನ ಹೇಳಲೇಬೇಕು. ಶೂನ್ಯ ವೇಳೆಗೆ ಯಾರು ಮಾತಾಡೋದು ಅಂತ ಎತ್ತೋ ಲಾಟರಿಯಲ್ಲಿ ಅವರ ಹೆಸರು ಬಂತು. ಅಡಿಕೆ ಸುಲೀತಿದ್ದವರು ಮೆಟ್ಟುಗತ್ತಿ ಬಿಟ್ಟು ಎದ್ದು ಬಂದು ನಮ್ಮ ಜಗಲಿಯಲ್ಲಿ ಟಿವಿ ಮುಂದೆ ಕೂತರು. "ಮಾನ್ಯ ಸಭಾಧ್ಯಕ್ಷರೇ, ಋಷಿಮುನಿಗಳು ತಪಸ್ಸು ಮಾಡಿದ ನನ್ನ ಕ್ಷೇತ್ರ..." ಅಂತ ಶುರುವಾಯ್ತು. ಪ್ರಕೃತಿ ಸೌಂದರ್ಯ ಮುಗಿದು ರೋಗಕ್ಕೆ ಬರುವಾಗ ಅರ್ಧ ಸಮಯ ಹೋಗಿತ್ತು. ವಿದೇಶಿ ಅಡಿಕೆ ದಾಟಿ ಆನೆ ಹತ್ತಿರ ಬಂದರು ನೋಡಿ, ಮೈಕ್ ಬಂದ್. ಬಾಯಿ ಆಡ್ತಾ ಇದೆ, ಸ್ವರ ಇಲ್ಲ. ಅಷ್ಟರಲ್ಲಿ ಇನ್ಯಾವುದೋ ರಾಜ್ಯದವರ ಹೆಸರು ಕರೆದರು. ಆ ಕ್ಲಿಪ್ಪು ನಮ್ಮ ಗುಂಪುಗಳಲ್ಲೆಲ್ಲ ಮೂರು ದಿನ ಓಡಿತು. ನಾಲ್ಕನೇ ದಿನಕ್ಕೆ ಎಂತದ್ದೂ ಇಲ್ಲ.

ಯಾಕೆ ಇಲ್ಲ ಅಂತ ಗೊತ್ತಾಗಲಿಕ್ಕೆ ನನಗೆ ಒಂದು ವರ್ಷ ಬೇಕಾಯ್ತು. ಶೂನ್ಯ ವೇಳೆಯಲ್ಲಿ ಎತ್ತಿದ್ದಕ್ಕೆ ಮಂತ್ರಿ ಉತ್ತರ ಕೊಡಲೇಬೇಕು ಅಂತಿಲ್ಲ. ಆ ಹೆಸರೇ ಸದನದ ನಿಯಮ ಪುಸ್ತಕದಲ್ಲಿಲ್ಲ, ಬಾಯಿಂದ ಬಾಯಿಗೆ ಬಂದ ರೂಢಿ ಅದು. ಕಿವಿಗೆ ಹಿತ, ತೋಟಕ್ಕೆ ಏನೂ ಇಲ್ಲ.

ನಮಗೆ ಕೆಲಸ ಆಗಿದ್ದು ಚುಕ್ಕೆ ಗುರುತಿಲ್ಲದ ಪ್ರಶ್ನೆಯಿಂದ. ಚುಕ್ಕೆ ಗುರುತು ಇದ್ದದ್ದಕ್ಕೆ ಮಂತ್ರಿ ಸದನದಲ್ಲಿ ಬಾಯಿಮಾತಲ್ಲಿ ಉತ್ತರ ಹೇಳ್ತಾರೆ, ಇಲ್ಲದ್ದಕ್ಕೆ ಬರೆದು ಕೊಡ್ತಾರೆ. ಚುಕ್ಕೆ ಇರೋದೇ ಬೇಕು, ಮಂತ್ರಿ ಎದ್ದು ನಿಂತು ಹೇಳಬೇಕು, ನಾವು ಟಿವಿಯಲ್ಲಿ ನೋಡಬೇಕು ಅಂತ ಹಠ ಬೇಡ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಪ್ರಶ್ನೆ 20 ಮಾತ್ರ, ಅದರಲ್ಲೂ ಮೊದಲ ಕೆಲವು ಮಾತ್ರ ಬಾಯಿಮಾತಿಗೆ ಬರ್ತವೆ. ಸದನ ಗದ್ದಲದಲ್ಲಿ ಮುಂದೆ ಹೋದರೆ ಅದೂ ಇಲ್ಲ. ಚುಕ್ಕೆ ಇಲ್ಲದ್ದು ದಿನಕ್ಕೆ 230. ಗದ್ದಲ ಆಗಲಿ, ಸಭಾತ್ಯಾಗ ಆಗಲಿ, ಉತ್ತರ ಬರಹದಲ್ಲಿ ಮೇಜಿನ ಮೇಲೆ ಬರ್ತದೆ. ಆಮೇಲೆ ಆ ಹಾಳೆ ನಿಮ್ಮದು, ಯಾವ ಆಫೀಸಿಗೆ ಬೇಕಾದರೂ ಹಿಡಿದುಕೊಂಡು ಹೋಗಬಹುದು.

ನಾವು ಕೇಳಿಸಿದ್ದು ಹವಾಮಾನ ಆಧಾರಿತ ಬೆಳೆ ವಿಮೆ ವಿಷಯ. ಕೊಳೆರೋಗದಲ್ಲಿ ಅರ್ಧ ಫಸಲು ಉದುರಿದ ವರ್ಷ, ಪಕ್ಕದ ಪಂಚಾಯ್ತಿಗೆ ಹಣ ಬಂತು, ನಮಗಿಲ್ಲ. ಮೊದಲು ಸಿಟ್ಟಿನಲ್ಲಿ "ನಮ್ಮ ಪಂಚಾಯ್ತಿಗೆ ಮೋಸ ಆಗಿದೆ" ಅಂತ ಬರೆದಿದ್ದೆ. ಸಂಸದರ ಪಿಎ ಒಬ್ಬ ಹುಡುಗ, ಭಾರಿ ಚುರುಕು, ಹರಿದು ಹಾಕಿಬಿಟ್ಟ. ಪಂಚಾಯ್ತಿ ಮಟ್ಟದ್ದು ಕೇಳಿದರೆ ನೋಟಿಸ್ ಅಲ್ಲೇ ಬಿದ್ದು ಹೋಗ್ತದೆ, ವಾದ, ಆರೋಪ, ವ್ಯಂಗ್ಯ ಇದ್ದರೂ ತೆಗೀತಾರೆ, 150 ಪದ ಮೀರಬಾರದು ಅಂದ. ಕಡೆಗೆ ಹೋಗಿದ್ದು ಇಷ್ಟು: (ಅ) ಕರ್ನಾಟಕದಲ್ಲಿ ಅಡಿಕೆಗೆ ಈ ವಿಮೆ ಮಾಡಿಸಿದ ರೈತರ ಸಂಖ್ಯೆ, ಕಳೆದ ಮೂರು ವರ್ಷದ್ದು, ಜಿಲ್ಲಾವಾರು, (ಆ) ಪಾವತಿಯಾದ ಮತ್ತು ಬಾಕಿ ಇರುವ ಪರಿಹಾರ ಎಷ್ಟು, (ಇ) ಬಾಕಿಗೆ ಕಾರಣ, (ಈ) ತಡವಾದ ಪಾವತಿಗೆ ಬಡ್ಡಿ ಕೊಡಲಾಗಿದೆಯೇ?

ನಾಲ್ಕೇ ಸಾಲು. "ಮೋಸ" ಇಲ್ಲ, "ಅನ್ನದಾತ" ಇಲ್ಲ, ಋಷಿಮುನಿ ಇಲ್ಲ. ಉತ್ತರದಲ್ಲಿ ನಮ್ಮ ಜಿಲ್ಲೆಯ ಎದುರಿಗೇ ಬಾಕಿಯ ಅಂಕಿ ಬಂತು. ಆ ಹಾಳೆಯ ನಾಲ್ಕು ಜೆರಾಕ್ಸ್ ಹಿಡಿದು ವಿಮೆಯವರ ಆಫೀಸಿಗೆ ಹೋದಾಗ, ಹಿಂದೆ ಎರಡು ಸಲ ಬಾಗಿಲಲ್ಲೇ ನಿಲ್ಲಿಸಿದ್ದ ಮನುಷ್ಯ ಕುರ್ಚಿ ತರಿಸಿದ. ಹಣ ಪೂರಾ ಬಂತಾ? ಇಲ್ಲ, ಮುಕ್ಕಾಲು ಜನರಿಗೆ ಬಂತು. ಉಳಿದವರದ್ದು ಪಹಣಿಯಲ್ಲಿ ಬೆಳೆ ಕಾಲಂ ತಪ್ಪು. (ಅದನ್ನ ಈಗಲೇ ನೋಡ್ಕೊಳ್ಳಿ, ಅಡಿಕೆ ತೋಟಕ್ಕೆ ಭತ್ತ ಅಂತ ಇರೋ ಪಹಣಿ ಈ ಗುಂಪಿನಲ್ಲೇ ಹತ್ತು ಜನರದ್ದು ಇರ್ತದೆ. ವಿಮೆ ಕಟ್ಟುವಾಗ ನೋಡಲ್ಲ, ಹಣ ಬರದಿದ್ದಾಗ ಬೈತೀರಿ.)

ಇನ್ನು ನಿಮ್ಮ ಹದಿನಾಲ್ಕು ಬೇಡಿಕೆ. ಅದನ್ನ ಮೊದಲು ಖಾತೆವಾರು ಬೇರೆ ಮಾಡಿ, ಅಡಿಕೆಯಲ್ಲಿ ರಾಶಿ ಇಡಿ, ಬೆಟ್ಟೆ, ಗೊರಬಲು ಅಂತ ದರ್ಜೆ ಬೇರೆ ಮಾಡಿದ ಹಾಗೆ. ಎಲೆಚುಕ್ಕೆ, ಹಳದಿ ಎಲೆ ರೋಗ, ವಿಮೆ ಇವೆಲ್ಲ ಕೃಷಿ ಮಂತ್ರಾಲಯ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಏನು ಸಂಶೋಧನೆ ಮಾಡಿದೆ ಅನ್ನೋದೂ ಅಲ್ಲಿಗೇ. ಆಮದು ವಾಣಿಜ್ಯಕ್ಕೆ. ಕಳ್ಳಸಾಗಣೆಯಲ್ಲಿ ಹಿಡಿದ ಮಾಲು, ಕಸ್ಟಮ್ಸ್, ಜಿಎಸ್‌ಟಿ ಹಣಕಾಸಿಗೆ. ಆನೆ, ಕಾಡುಕೋಣ ಪರಿಸರ ಮತ್ತು ಅರಣ್ಯಕ್ಕೆ. ಅಡಿಕೆ ತಿಂದರೆ ಕ್ಯಾನ್ಸರ್ ಅನ್ನೋ ಗಲಾಟೆ ಆರೋಗ್ಯಕ್ಕೆ. ಒಬ್ಬೊಬ್ಬ ಮಂತ್ರಿಗೆ ವಾರದಲ್ಲಿ ಒಂದೊಂದು ದಿನ ಗೊತ್ತು ಮಾಡಿರ್ತಾರೆ, ಎಲ್ಲಾ ಕಲಸಿ ಕೊಟ್ಟರೆ ಯಾರ ದಿನಕ್ಕೂ ಸೇರಲ್ಲ. ನಮ್ಮಲ್ಲಿ ಅರ್ಧ ಜನಕ್ಕೆ ಅಡಿಕೆ ಸಾಂಬಾರ ಮಂಡಳಿಗೆ ಬರ್ತದೆ ಅಂತಲೇ ನಂಬಿಕೆ. ಆ ಮಂಡಳಿ ವಾಣಿಜ್ಯದ ಕೆಳಗಿದೆ, ಏಲಕ್ಕಿ ನೋಡ್ಕೊಳ್ತದೆ. ಅಡಿಕೆಯದ್ದು ಕೋಯಿಕ್ಕೋಡಿನಲ್ಲಿರೋ ನಿರ್ದೇಶನಾಲಯ, ಕೃಷಿಯ ಕೆಳಗೆ.

"ವಿದೇಶಿ ಅಡಿಕೆ ಆಮದು ನಿಲ್ಲಿಸಿ" ಅಂತ ನಿಮ್ಮ ಮನವಿಯ ಎರಡನೇ ಸಾಲು ಇದೆಯಲ್ಲ, ಅದಕ್ಕೆ ಉತ್ತರ ನಾನೇ ಬರೆದು ಕೊಡ್ತೇನೆ: "ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಲಾಗಿದೆ." ಅದಕ್ಕಿಂತ ಅಗ್ಗದ್ದು ತರೋ ಹಾಗಿಲ್ಲ ಅಂತ ಅರ್ಥ. ಮುಗೀತು, ಬಾಯಿ ಬಂದ್. ಅದರ ಬದಲು, 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನ ಈ ಬೆಲೆಯ ಷರತ್ತಿಲ್ಲದೆ ತರಲಿಕ್ಕೆ ಬಿಟ್ಟರಲ್ಲ, ಅದರಲ್ಲಿ ಯಾವ ವರ್ಷ ಎಷ್ಟು ಬಂತು, ಅದು ಹಸಿಯೇ ಅಂತ ಯಾರು ಪರೀಕ್ಷೆ ಮಾಡಿದರು ಅಂತ ಕೇಳಿಸಿ. ಆಗ ಅಂಕಿ ಕೊಡಲೇಬೇಕಾಗ್ತದೆ.

ಎಲೆಚುಕ್ಕೆಗೂ ಹಾಗೇ. "ಪರಿಹಾರ ಕೊಡಿ" ಅಂದರೆ "ಕೃಷಿ ರಾಜ್ಯದ ವಿಷಯ" ಅಂತ ಒಂದೇ ಸಾಲಲ್ಲಿ ಕೈ ತೊಳ್ಕೊಳ್ತಾರೆ. ರಾಜ್ಯದಿಂದ ಪ್ರಸ್ತಾವನೆ ಬಂದಿದೆಯೇ, ಯಾವ ದಿನಾಂಕ, ಎಷ್ಟು ಮೊತ್ತ, ಬಿಡುಗಡೆ ಎಷ್ಟು, ಖರ್ಚು ಎಷ್ಟು ಅಂತ ಕೇಳಿಸಿ. ಬಂದಿಲ್ಲ ಅಂದರೂ ಲಾಭವೇ, ಆ ಹಾಳೆ ಹಿಡಿದು ಬೆಂಗಳೂರಿನ ಬಸ್ಸು ಹತ್ತಿ.

ಸಮಯದ ಬಗ್ಗೆ ಬೈಲೇಬೇಕು. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ನೋಟಿಸ್ ಹೋಗಬೇಕು. ಆಮೇಲೂ ಲಾಟರಿ. ಒಬ್ಬ ಸದಸ್ಯರಿಗೆ ದಿನಕ್ಕೆ ಐದೇ ನೋಟಿಸ್, ಅದರಲ್ಲಿ ರೈಲು, ಹೆದ್ದಾರಿ, ಇಎಸ್‌ಐ ಆಸ್ಪತ್ರೆ ಎಲ್ಲಾ ಇರ್ತದೆ. ನೀವು ಅಧಿವೇಶನ ಶುರುವಾದ ಮೇಲೆ ಹಾರ ತಗೊಂಡು ಹೋಗಿದ್ದೀರಿ. ಅಡಿಕೆ ಗೊನೆಯಲ್ಲಿ ಕೊಳೆ ಕಂಡ ಮೇಲೆ ಔಷಧಿಗೆ ಮೈಲುತುತ್ತ ಹುಡುಕಿದ ಹಾಗಾಯ್ತು. ಮಳೆಗಾಲದ ಅಧಿವೇಶನ ಸಾಮಾನ್ಯವಾಗಿ ಜುಲೈಗೆ, ಮೊದಲನೇ ಔಷಧಿ ಹೊಡೆಯೋ ಹೊತ್ತಿಗೇ ಪ್ರಶ್ನೆಯೂ ಪಿಎ ಕೈಯಲ್ಲಿರಬೇಕು.

ಭಾಷೆ. ಕನ್ನಡದಲ್ಲಿ ಮಾತಾಡಬಹುದು, 1967ರಲ್ಲಿ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ್ದು ಶಿವಮೊಗ್ಗದ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೆ ಕಾಗದ ದೆಹಲಿಗೆ ಹೋಗುವಾಗ ಇಂಗ್ಲಿಷ್ ಪ್ರತಿಯೂ ಇರಲಿ. ಮೊಬೈಲಿನ ಅನುವಾದಕ್ಕೆ ಬಿಡಬೇಡಿ, ಊರಿನ ಹೈಸ್ಕೂಲ್ ಮೇಷ್ಟ್ರ ಹತ್ತಿರ ಒಂದು ಸಲ ಓದಿಸಿ. ಕನ್ನಡ ಪ್ರತಿ ಯುನಿಕೋಡ್‌ನಲ್ಲೇ ಇರಲಿ. ನಮ್ಮ ಹನ್ನೊಂದು ಪುಟ ಟೈಪಿಂಗ್ ಅಂಗಡಿಯ ಯಾವುದೋ ಹಳೇ ಫಾಂಟಿನಲ್ಲಿತ್ತು, ಪಿಎ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚೌಕ, ಬಾಣ, ಡಾಲರ್ ಗುರುತು. ಆತ ಒಂದಕ್ಷರವೂ ಓದಿರಲಿಲ್ಲ! ವಾಟ್ಸಾಪಿನಲ್ಲಿ ಓರೆಯಾಗಿ ತೆಗೆದ ಫೋಟೋ ಕಳಿಸೋದೂ ಬಿಡಿ, ಇಮೇಲ್ ಮಾಡಿ. ಶಾಲಿನ ದುಡ್ಡಲ್ಲಿ ಪಿಎಗೆ ಒಂದು ಕಾಫಿ ಕುಡಿಸಿ, ನಾಲ್ಕು ಸಾಲು ಎದುರಿಗೆ ಕೂತು ಓದಿಸಿ.

"ನಮ್ಮವರು ಹಿಂದಿನ ಬೆಂಚಿನವರು, ಅವರ ಮಾತು ಯಾರು ಕೇಳ್ತಾರೆ" ಅಂತ ಒಬ್ಬರು ಕಮೆಂಟ್ ಹಾಕಿದ್ದಾರೆ. ಈ ಕೆಲಸಕ್ಕೆ ಅವರೇ ಬೇಕು. ಮಂತ್ರಿಯಾದವರು ಪ್ರಶ್ನೆ ಕೇಳೋ ಹಾಗಿಲ್ಲ, ಉತ್ತರ ಕೊಡೋದಷ್ಟೇ. ಆಳುವ ಪಕ್ಷದವರಾದರೆ ಸ್ವಲ್ಪ ನಾಜೂಕು ಬೇಕು, ಸರ್ಕಾರಕ್ಕೆ ಮುಜುಗರ ಆಗೋ ಶಬ್ದ ಅವರ ಬಾಯಲ್ಲಿ ಹಾಕಬೇಡಿ. ಅಂಕಿ ಕೇಳಲಿಕ್ಕೆ ಯಾರೂ ಹಿಂಜರಿಯಲ್ಲ. ಅವರಿಂದ ಆಗಲ್ಲ ಅಂದ್ರೆ ರಾಜ್ಯಸಭೆಗೆ ನಮ್ಮಿಂದ 12 ಜನ ಹೋಗಿದ್ದಾರೆ, ಅವರನ್ನ ಯಾರೂ ಕೇಳೋದೇ ಇಲ್ಲ. ಕಾಸರಗೋಡಿನವರೂ ಅಡಿಕೆ ಬೆಳೀತಾರೆ, ಅಸ್ಸಾಮಿನವರೂ ಬೆಳೀತಾರೆ. ಒಂದೇ ಪ್ರಶ್ನೆಗೆ ಮೂರು ರಾಜ್ಯದವರ ಹೆಸರು ಸೇರಿದರೆ ತೂಕವೇ ಬೇರೆ.

ಮಾತು ಸದನದಲ್ಲಿ ಕೇಳಲೇಬೇಕು ಅಂತ ಊರಲ್ಲಿ ಒತ್ತಾಯ ಇದ್ದರೆ ಲೋಕಸಭೆಯ ನಿಯಮ 377ರ ಕೆಳಗೆ ವಿಷಯ ಎತ್ತಲಿಕ್ಕೆ ಸಂಸದರನ್ನ ಕೇಳಿ. ಬರೆದು ಕೊಟ್ಟಷ್ಟನ್ನೇ ಓದಬೇಕು, ಹಾಗಾಗಿ ಋಷಿಮುನಿಗಳಿಗೆ ಜಾಗ ಇರಲ್ಲ. ಮಂತ್ರಿಯಿಂದ ಆಮೇಲೆ ಸಂಸದರಿಗೆ ಪತ್ರ ಬರ್ತದೆ. ಪತ್ರದ ಪ್ರತಿ ನೀವೇ ಹೋಗಿ ಕೇಳಬೇಕು, ಯಾರೂ ಮನೆಗೆ ತಂದು ಕೊಡಲ್ಲ.

ಉತ್ತರದಲ್ಲಿ "ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂತ ಬಂದರೆ ಬೈದು ಬಿಸಾಡಬೇಡಿ. ಅದು ಭರವಸೆ ಅಂತ ಲೆಕ್ಕ. ಮೂರು ತಿಂಗಳಲ್ಲಿ ಈಡೇರಿಸಬೇಕು, ಅದನ್ನ ಬೆನ್ನು ಹತ್ತಲಿಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಇದೆ. ದಿನಾಂಕ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ, ಅಡಿಕೆ ಗೊನೆ ಕೊಯ್ಯೋ ಕೊನೆಗಾರನಿಗೆ ಮುಂಗಡ ಕೊಟ್ಟದ್ದನ್ನ ಬರೆದಿಡೋ ಹಾಗೆ.

ಮತ್ತೊಂದು, ಹಿಂದೆ ಕೇಳಿದ್ದನ್ನೇ ಮತ್ತೆ ಕೇಳಿಸಬೇಡಿ. ಸಂಸತ್ತಿನ ವೆಬ್‌ಸೈಟಿನಲ್ಲಿ ಇಂಗ್ಲಿಷಲ್ಲಿ ಅಡಿಕೆ ಅಂತ ಹುಡುಕಿದರೆ ಹಳೇ ಉತ್ತರ ಸಾಲು ಸಾಲು ಸಿಗ್ತವೆ. ನಿಮ್ಮ ಹದಿನಾಲ್ಕರಲ್ಲಿ ನಾಲ್ಕಾದರೂ ಅಲ್ಲೇ ಮುಗೀಬಹುದು. ಬರೀ ದಾಖಲೆ ಬೇಕಿದ್ದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಸಾಕು, ಅದಕ್ಕೆ ಸಂಸದರ ನೋಟಿಸ್ ಖರ್ಚು ಮಾಡಬೇಡಿ.

ನಮ್ಮ ಪ್ರಶ್ನೆ, ಉತ್ತರದ ಹಾಳೆ ಎರಡೂ ಅಟ್ಟದ ಮೇಲಿನ ಟ್ರಂಕಿನಲ್ಲಿವೆ, ನಾಳೆ ಕರೆಂಟಿದ್ದರೆ ಸ್ಕ್ಯಾನ್ ಮಾಡಿ ಹಾಕ್ತೇನೆ. ಅಷ್ಟರಲ್ಲಿ ಹದಿನಾಲ್ಕರಲ್ಲಿ ಯಾವ ಒಂದನ್ನ ಇಟ್ಕೊಳ್ತೀರಿ ಅಂತ ನಿಮ್ಮವರ ಹತ್ತಿರ ಕೂತು ತೀರ್ಮಾನ ಮಾಡಿ ಹೇಳಿ. ಕಾಲುಸಂಕ ಇದ್ದರೆ ಮೊದಲು ಅದನ್ನ ತೆಗೀರಿ.