ಮಳೆ ಬಂದರೆ ಕೀಪ್ಯಾಡ್ ಮುಷ್ಕರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹೊಸ ಮನೆಗೆ ಕೆಎನ್‌ಎಕ್ಸ್ ಲೈಟಿಂಗ್ (ಗೋಡೆಯ ಬಟನ್ ಕೀಪ್ಯಾಡ್ ಕಳಿಸುವ ಸಂದೇಶದಿಂದ ದೀಪ ಹತ್ತುವ, ಆರುವ ವ್ಯವಸ್ಥೆ) ಹಾಕಿಸಿದ್ದೇವೆ. ಜೋರು ಮಳೆ ಹೊಡೆದ ರಾತ್ರಿ ಮನೆಯ ಒಂದು ಕೀಪ್ಯಾಡೂ ಕೆಲಸ ಮಾಡುವುದಿಲ್ಲ. ಉರಿಯುತ್ತಿದ್ದ ದೀಪ ಉರಿಯುತ್ತಲೇ ಇರುತ್ತದೆ, ಆರಿದ್ದು ಆರಿಯೇ ಇರುತ್ತದೆ. ಮರುದಿನ ಬಿಸಿಲು ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಸರಿ. ಹಾಕಿಕೊಟ್ಟವರು ಪವರ್ ಸಪ್ಲೈ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಈಗಲೇ ದುಡ್ಡು ಕೊಡಬೇಡಿ. ಪವರ್ ಸಪ್ಲೈ ಕೂತಿರುವುದು ಮನೆಯೊಳಗಿನ ಡಿಬಿಯಲ್ಲಿ (ಕರೆಂಟ್ ಹಂಚುವ ಪೆಟ್ಟಿಗೆ), ಹೊರಗೆ ಮಳೆ ಬಂದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಮಳೆಗೆ ಕೆಟ್ಟು ಬಿಸಿಲಿಗೆ ಸರಿಹೋಗುತ್ತದೆ ಅಂದರೆ ಎಲ್ಲೋ ನೀರು ಇಳಿಯುತ್ತಿದೆ. ಗೇಟಿನ ಪಕ್ಕದ ಕೀಪ್ಯಾಡ್, ತೋಟದ ಮೋಷನ್ ಸೆನ್ಸರ್, ಕಾಂಪೌಂಡಿನ ಜಂಕ್ಷನ್ ಬಾಕ್ಸ್, ಇವುಗಳ ಮೇಲೆಯೇ ನನ್ನ ಅನುಮಾನ.

ಹೊರಗಿನ ಒಂದು ಬಾಕ್ಸಿಗೆ ನೀರು ಹೋದರೆ ಬೆಡ್‌ರೂಮಿನ ಕೀಪ್ಯಾಡ್ ಯಾಕೆ ಸುಮ್ಮನಾಗಬೇಕು ಅಂತ ಕೇಳಬಹುದು. ಒಂದು ಲೈನಿನ ಕೀಪ್ಯಾಡು, ಸೆನ್ಸರು, ಡಿಬಿಯೊಳಗೆ ಕೂತು ದೀಪ ಹತ್ತಿಸಿ ಆರಿಸುವ ರಿಲೇ ಎಲ್ಲವೂ ಹಸಿರು ಕೇಬಲ್ಲಿನ ಒಂದೇ ಜೋಡಿ ವೈರಿಗೆ ಸೇರಿರುತ್ತವೆ, ಕೆಂಪು ಮತ್ತು ಕಪ್ಪು. ಕರೆಂಟೂ ಅದರಲ್ಲೇ, ಸಂದೇಶವೂ ಅದರಲ್ಲೇ. ಎಲ್ಲಾದರೂ ಒಂದು ಕಡೆ ಆ ಎರಡೂ ಶಾರ್ಟ್ ಆದರೆ ಇಡೀ ಲೈನ್ ಮೂಕ. ರಿಲೇ ಮಾತ್ರ ಇದ್ದ ಜಾಗದಲ್ಲೇ ನಿಂತಿರುತ್ತದೆ, ಅದಕ್ಕೇ ನಿಮ್ಮ ದೀಪಗಳು ಇದ್ದ ಹಾಗೇ ಉಳಿಯುತ್ತವೆ.

ಎಲೆಕ್ಟ್ರಿಷಿಯನ್‌ರನ್ನು ತೊಂದರೆ ಇರುವಾಗಲೇ ಕರೆಸಿ. ಎಲ್ಲ ಸರಿಯಿರುವ ದಿನ ಬಂದರೆ ಮೀಟರ್ 29 ವೋಲ್ಟ್ ತೋರಿಸುತ್ತದೆ, ಅವರು ಕಾಫಿ ಕುಡಿದು ಹೋಗುತ್ತಾರೆ. ಮಲ್ಟಿಮೀಟರನ್ನು ಡಿಸಿಗೆ ತಿರುಗಿಸಿ ಕೆಂಪು-ಕಪ್ಪಿನ ನಡುವೆ ಅಳೆಯಲಿ. 28ರಿಂದ 30 ಇದ್ದರೆ ಆರೋಗ್ಯ. 21ಕ್ಕಿಂತ ಕೆಳಗಿಳಿದರೆ ಉಪಕರಣಗಳು ಸರಿಯಾಗಿ ನಡೆಯುವುದಿಲ್ಲ. ಕಡಿಮೆ ತೋರಿಸಿತು ಅಂದುಕೊಳ್ಳಿ, ಆಗ ಪವರ್ ಸಪ್ಲೈನಿಂದ ಹೊರಡುವ ಬಸ್ ವೈರನ್ನು (ಅದೇ ಕೆಂಪು-ಕಪ್ಪು ಜೋಡಿ) ಕಿತ್ತು ಸಪ್ಲೈ ಒಂದನ್ನೇ ಅಳೆದರೆ ಜಗಳ ಅಲ್ಲಿಗೇ ತೀರುತ್ತದೆ: ಅದು ಮತ್ತೆ 30ರ ಹತ್ತಿರ ಬಂದರೆ ಸಪ್ಲೈ ಚೆನ್ನಾಗಿಯೇ ಇದೆ, ಕೆಟ್ಟಿರುವುದು ವೈರು ಇಲ್ಲವೇ ವೈರಿಗೆ ಅಂಟಿಕೊಂಡ ಯಾವುದೋ ಒಂದು ಉಪಕರಣ. ಆಮೇಲೆ ಮೊದಲು ಹೊರಗೆ ಹೋಗುವ ಕವಲನ್ನು ಬಿಡಿಸಿ ನೋಡಿ. ಕೆಂಪು-ಕಪ್ಪು ಪುಟ್ಟ ಕನೆಕ್ಟರ್ ಎಳೆದರೆ ಬರುತ್ತದೆ, ಸ್ಕ್ರೂಡ್ರೈವರ್ ಕೂಡ ಬೇಡ. ಆ ಕವಲು ಬಿಟ್ಟ ತಕ್ಷಣ ಒಳಗಿನ ಕೀಪ್ಯಾಡ್‌ಗಳೆಲ್ಲ ಎದ್ದರೆ ಕಳ್ಳ ಸಿಕ್ಕಿದ ಹಾಗೆ. ಬಾಕ್ಸ್ ತೆರೆದಾಗ ಕನೆಕ್ಟರಿನ ಒಳಗೆ ತಾಮ್ರ ಹಸಿರುಗಟ್ಟಿದ್ದರೆ ಒರೆಸಿ ಟೇಪ್ ಸುತ್ತುವುದು ಬೇಡ, ಮುಂದಿನ ಮಳೆಗೆ ಮತ್ತೆ ಅದೇ ಕಥೆ. ವೈರಿನ ತುದಿ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ನೀರು ಒಳಗಿಳಿಯದ ಐಪಿ65 ಬಾಕ್ಸಿನಲ್ಲಿ ಕೂರಿಸಿ, ಕೇಬಲ್ ಕೆಳಗಿನಿಂದ ಒಳಗೆ ಬರಲಿ.

ಬಸ್ ವೈರ್ ಮುಟ್ಟಿದರೆ ಅಪಾಯವಿಲ್ಲ, ಆದರೆ ಡಿಬಿಯಲ್ಲಿ ಅದರ ಪಕ್ಕದಲ್ಲೇ 230 ವೋಲ್ಟ್ ಇದೆ. ನೀವೇ ಕೈ ಹಾಕಬೇಡಿ. ಅಂದಹಾಗೆ, ಎಷ್ಟೋ ರಿಲೇಗಳ ಮುಖದ ಮೇಲೆ ಕೈಯಿಂದ ತಳ್ಳುವ ಸಣ್ಣ ಲಿವರ್ ಇರುತ್ತದೆ. ನಿಮ್ಮದರಲ್ಲಿದ್ದರೆ, ಅದು ಯಾವ ದೀಪದ್ದು ಅಂತ ಚೀಟಿ ಅಂಟಿಸಿ ಮನೆಯವರಿಗೆಲ್ಲ ತೋರಿಸಿಡಿ, ಬಸ್ ಸತ್ತ ರಾತ್ರಿಯೂ ದೀಪ ಆರಿಸಿ ಮಲಗಬಹುದು.

ಪ್ರಶ್ನೆ: ನಮ್ಮದು ಡಾಲಿ ಡ್ರೈವರ್‌ಗಳ (ವೈರಿನ ಸಂದೇಶ ಕೇಳಿ ದೀಪದ ಬೆಳಕು ಏರಿಸಿ ಇಳಿಸುವ ಸಾಧನ) ಫಾಲ್ಸ್ ಸೀಲಿಂಗ್ ದೀಪ. ರಾತ್ರಿ ಕರೆಂಟ್ ಹೋಗಿ ಬಂದರೆ ಹಾಲಿನ ದೀಪಗಳೆಲ್ಲ ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತವೆ. ಅಮ್ಮನಿಗೆ ಗಾಬರಿ. (ದಾವಣಗೆರೆಯ ಓದುಗರು)

ಉತ್ತರ: ಅಮ್ಮನಿಗೆ ಹೇಳಿ, ದೆವ್ವ ಅಲ್ಲ, ಫ್ಯಾಕ್ಟರಿ ಸೆಟ್ಟಿಂಗ್. ಕರೆಂಟ್ ಬಂದ ಕೂಡಲೇ ಡ್ರೈವರ್ ಎಷ್ಟು ಬೆಳಕು ಕೊಡಬೇಕು ಅನ್ನುವ ಒಂದು ಲೆಕ್ಕ ಅದರೊಳಗೇ ಇರುತ್ತದೆ, ಯಾರೂ ಬದಲಿಸದಿದ್ದರೆ ಅದು 254, ಅಂದರೆ ಪೂರ್ತಿ. ಹಾಕಿಕೊಟ್ಟವರು ಅದನ್ನು 0 ಮಾಡಿಕೊಟ್ಟರೆ ಮುಗಿಯಿತು, ಸಾಮಾನು ಬದಲಿಸುವ ಕೆಲಸವೇ ಇಲ್ಲ.

ಆದರೆ ಕರೆಂಟ್ ಹೋಗದೆಯೂ ಹೀಗಾಗುತ್ತದೆಯೇ ಅಂತ ಗಮನಿಸಿ. ಡಾಲಿ ವೈರಿನಲ್ಲಿ ಇರಬೇಕಾದ ಸುಮಾರು 16 ವೋಲ್ಟ್ ತಪ್ಪಿಹೋದರೂ ದೀಪಗಳು ಪೂರ್ತಿ ಬೆಳಗುತ್ತವೆ. ಕಂಟ್ರೋಲ್ ಕೆಟ್ಟಾಗ ಮನೆ ಕತ್ತಲಲ್ಲಿ ಇರಬಾರದು ಅಂತ ಹಾಗೆ ಮಾಡಿರುವುದು. ಆಗ ಸೆಟ್ಟಿಂಗ್ ಬದಲಿಸಿ ಸುಮ್ನಾದರೆ ರೋಗ ಮುಚ್ಚಿಟ್ಟಂತೆ. ಡಾಲಿ ಪವರ್ ಸಪ್ಲೈನ ಎಂಸಿಬಿ ಬಿದ್ದಿದೆಯೇ, ಸೀಲಿಂಗಿನೊಳಗೆ ಇಲಿ ವೈರ್ ಕಡಿದಿದೆಯೇ, ಎಸಿ ಹಾಕಲು ಬಂದವರು ಏನಾದರೂ ಎಳೆದಾಡಿದ್ದಾರೆಯೇ ನೋಡಿಸಿ. ಮೂರನೆಯದೇ ಜಾಸ್ತಿ.

ಪ್ರಶ್ನೆ: ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ಮಿಣುಕು ಮಿಣುಕು ಅನ್ನುತ್ತದೆ. (ಮೈಸೂರಿನ ಓದುಗರು)

ಉತ್ತರ: ಆಫ್ ಮಾಡಿ ಹೋಲ್ಡರಿಗೆ ಟೆಸ್ಟರ್ ಹಿಡಿಸಿ. ಟೆಸ್ಟರ್ ಚೆನ್ನಾಗಿ ಉರಿದರೆ ಫೇಸ್ ಬದಲು ನ್ಯೂಟ್ರಲನ್ನು ರಿಲೇಗೆ ಕೊಟ್ಟಿರಬಹುದು. ಅದು ಅಪಾಯ, ಬಲ್ಬ್ ಬದಲಿಸುವಾಗ ಶಾಕ್ ಹೊಡೆಯುತ್ತದೆ, ಮೊದಲು ಸರಿ ಮಾಡಿಸಿ. ಅದು ಸರಿಯಿದ್ದರೆ, ಒಂದೇ ಪೈಪಿನಲ್ಲಿ ಉದ್ದಕ್ಕೆ ಹೋಗುವ ಪಕ್ಕದ ವೈರಿನಿಂದ ಬರುವ ಚೂರು ಕರೆಂಟ್ ಇರಬೇಕು, ಎಲ್‌ಇಡಿಗೆ ಅಷ್ಟೇ ಸಾಕು. ಬಲ್ಬಿಗೆ ಅಡ್ಡಲಾಗಿ ಹಾಕುವ ಬೈಪಾಸ್ ಕೆಪಾಸಿಟರ್ ಸಿಗುತ್ತದೆ, ಹಾಕಿಸಿದರೆ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಕೆಎನ್‌ಎಕ್ಸ್ ಕೀಪ್ಯಾಡ್ ಸುಟ್ಟುಹೋಯಿತು. ಅದೇ ಮಾಡೆಲ್ ತಂದು ಹಾಕಿದರೂ ಏನೂ ಆಗುತ್ತಿಲ್ಲ. (ಬೆಂಗಳೂರಿನ ಓದುಗರು)

ಉತ್ತರ: ಹೊಸದಕ್ಕೆ ವಿಳಾಸವೂ ಇಲ್ಲ, ಯಾವ ಬಟನ್ ಯಾವ ದೀಪಕ್ಕೆ ಅನ್ನುವುದೂ ಗೊತ್ತಿಲ್ಲ. ಕೆಎನ್‌ಎಕ್ಸ್ ಹೊಂದಿಸುವ ಇಟಿಎಸ್ ಸಾಫ್ಟ್‌ವೇರಿನಲ್ಲಿ ನಿಮ್ಮ ಮನೆಯ ಪ್ರಾಜೆಕ್ಟ್ ಫೈಲ್ ತೆರೆದು ಅದಕ್ಕೆ ತುಂಬಬೇಕು, ಪ್ರೋಗ್ರಾಮಿಂಗ್ ಬಟನ್ ಒತ್ತಿದಾಗ ಕೆಂಪು ದೀಪ ಹತ್ತುತ್ತದಲ್ಲ, ಆಗ. ಫೈಲ್ ಇದ್ದರೆ ಸ್ವಲ್ಪ ಹೊತ್ತಿನ ಕೆಲಸ. ಇಲ್ಲದಿದ್ದರೆ ಬೇರೆಯವರು ಬಂದು ಮನೆಯ ಲೆಕ್ಕವನ್ನೆಲ್ಲ ಹೊಸದಾಗಿ ಕಟ್ಟಬೇಕಾಗಬಹುದು. ಫೈಲ್ ಹಾಕಿಕೊಟ್ಟವರ ಲ್ಯಾಪ್‌ಟಾಪಿನಲ್ಲಿದ್ದರೆ ಇವತ್ತೇ ಕೇಳಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಪಾಸ್‌ವರ್ಡ್ ಸಮೇತ.