ಅರ್ಧಕ್ಕೆ ನಿಂತ ಕೌದಿಗೆ (ಬಟ್ಟೆ ತುಂಡುಗಳನ್ನು ಸೇರಿಸಿ ಹೊಲಿಯುವ ಹೊದಿಕೆ) ಬಟ್ಟೆ ಸಾಲುತ್ತಿಲ್ಲ. ಚಿಕ್ಕಪೇಟೆಗೆ ಹೋಗಿ ಹೊಸದು ತರಲೇ?

ಬೇಡ, ಮೊದಲು ಬೀರು ತೆಗೆದು ನೋಡಿ. ಕೌದಿ ಹುಟ್ಟಿದ್ದೇ ಹಳೇ ಬಟ್ಟೆಯಿಂದ. ಒಗೆದು ಒಗೆದು ಮೆತ್ತಗಾದ ಕಾಟನ್ ಸೀರೆ, ಪಂಚೆಗಳಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದೆ. ಹೊಸ ಕಾಟನ್ ನೀರು ಕಂಡಾಗ ಕುಗ್ಗಿ, ಪಕ್ಕದ ತುಂಡನ್ನೂ ಎಳೆದು ಸುಕ್ಕು ಮಾಡುತ್ತದೆ.

ಬಣ್ಣ ಹೊಂದಲ್ಲ ಅನ್ನೋ ಚಿಂತೆಯೇ? ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿ. ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಹೊಲಿಯುತ್ತಾ, ಕೈಗೆ ಸಿಕ್ಕ ತುಂಡನ್ನೇ ಕೂರಿಸುತ್ತಾ ಹೋಗುತ್ತಾರೆ. ಎಷ್ಟು ಚಂದ ಅಲ್ವಾ! ಜಯನಗರದ ನಮ್ಮ ಮನೆಯಲ್ಲಿ ಎರಡು ವರ್ಷ ಮೂಲೆ ಸೇರಿದ್ದ ಕೌದಿಯನ್ನು ನಾನು ಅಮ್ಮನ ಹಳೇ ಸೀರೆಯ ಕೆಂಪು ಅಂಚಿನಿಂದ ಮುಗಿಸಿದೆ. ಈಗ ಆ ಕೆಂಪು ಪಟ್ಟಿಯೇ ನನಗೆ ಜಾಸ್ತಿ ಇಷ್ಟ.

ಚೂರುಗಳು ಚಿಕ್ಕದಿದ್ದರೆ ಒಂದಕ್ಕೊಂದು ಸೇರಿಸಿ ಉದ್ದ ಪಟ್ಟಿ ಮಾಡಿಕೊಳ್ಳಿ. ಕೌದಿಯ ಕೆಳಪದರಕ್ಕೆ ಹಳೇ ಬೆಡ್‌ಶೀಟ್ ಸಾಕು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ನೂಲು ಸವೆದಿದ್ದರೆ ಒಳಪದರಕ್ಕೆ ಹಾಕಿ. ಕೆಂಪು, ನೀಲಿ ತುಂಡುಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಬೇರೆಯಾಗಿ ಎರಡು ಮೂರು ಸಲ ಒಗೆದ ಮೇಲೆಯೇ ಹೊಲಿಯಿರಿ.